ಕಿವಿಗೊಟ್ಟು ಹಾರಿದವರು

ಮೊದಲು ಒಂದು ಸದ್ದಿನ ವಿಚಾರ. ವಿಮಾನದ ಹುಚ್ಚು ಹಿಡಿದ ನಮ್ಮಂಥವರೆಲ್ಲ ಎಂಜಿನ್ನಿನ ಗುಡುಗಿಗೆ ಮನಸೋತವರು. ಆಫ್ಟರ್‌ಬರ್ನರ್ ಹೊತ್ತಿಕೊಂಡಾಗ ಪಕ್ಕೆಲುಬು ಅದುರುವುದನ್ನು ಒಮ್ಮೆ ಅನುಭವಿಸಿದವರು ಅದಕ್ಕಾಗಿ ಮತ್ತೆ ಮತ್ತೆ ಬಿಸಿಲಿನಲ್ಲಿ ನಿಲ್ಲುತ್ತಾರೆ. ಇವತ್ತು ನಾನು ಹೇಳಲು ಬಂದಿರುವುದು ಹೊರಗೆ ನಿಂತವರಿಗೆ ಎಂದೂ ಕೇಳಿಸದ ಸದ್ದಿನ ಬಗ್ಗೆ. ವಿಮಾನದೊಳಗೆ ಕುಳಿತವರ ಹೆಡ್‌ಫೋನಿನಲ್ಲಿ ಮಾತ್ರ ಅದು ಕೇಳುತ್ತದೆ. ಜೀರುಂಡೆಯ ಕೂಗಿನಂತೆ ಒಣಗಿದ, ಒರಟಾದ, ಬಿಟ್ಟು ಬಿಟ್ಟು ಬರುವ ಸದ್ದು. ನೆಲದ ಮೇಲಿನ ಯಾವುದೋ ರೇಡಾರ್ ನಿಮ್ಮ ಕಡೆ ತಿರುಗಿದೆ ಎಂದು ಅದರ ಅರ್ಥ.

ಅದು ಯಾರೋ ಜೋಡಿಸಿಟ್ಟ ಎಚ್ಚರಿಕೆಯ ಗಂಟೆಯಲ್ಲ. ನನಗೆ ಬಹಳ ಹಿಡಿಸಿದ ಸಂಗತಿ ಇದು. ಇಂಥ ರೇಡಾರ್ ತನ್ನ ಅಲೆಯನ್ನು ಒಂದೇ ಸಮನೆ ಸುರಿಯುವುದಿಲ್ಲ, ಮಿಡಿಯುತ್ತದೆ. ಸೆಕೆಂಡಿಗೆ ಸಾವಿರದ ಆಸುಪಾಸು ಮಿಡಿತ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸಾವಿರ ಕಂಪನವೆಂದರೆ ಮನುಷ್ಯನ ಕಿವಿಗೆ ಕೇಳುವ ಸ್ವರವೇ ತಾನೆ? 1960ರ ದಶಕದ ಎಚ್ಚರಿಕೆ ಯಂತ್ರಗಳು ಆ ಮಿಡಿತವನ್ನು ಹಾಗೆಯೇ ಎತ್ತಿ ಕಿವಿಗೆ ಹಾಕುತ್ತಿದ್ದವು. ರೇಡಾರ್ ಆಕಾಶವನ್ನು ಹುಡುಕುತ್ತಿರುವಾಗ ಒಂದು ಸ್ವರ. ನಿಮ್ಮನ್ನೇ ಹಿಡಿದು ಹಿಂಬಾಲಿಸತೊಡಗಿದರೆ ಮಿಡಿತ ಚುರುಕಾಗುತ್ತದೆ, ಸ್ವರ ಮೇಲಕ್ಕೇರುತ್ತದೆ. ಸೋವಿಯತ್ ಒಕ್ಕೂಟದ ಎಸ್-75 ಕ್ಷಿಪಣಿಗೆ ದಾರಿ ತೋರುವ ರೇಡಾರನ್ನು ನ್ಯಾಟೋ ದೇಶಗಳು ‘ಫ್ಯಾನ್ ಸಾಂಗ್’ ಎಂದು ಕರೆದವು. ಕಿರಣಗಳು ಬೀಸಣಿಗೆಯಂತೆ ಹರಡುತ್ತಿದ್ದುದರಿಂದ ಫ್ಯಾನ್, ಕಿವಿಯಲ್ಲಿ ಹಾಡಿದಂತೆ ಕೇಳುತ್ತಿದ್ದುದರಿಂದ ಸಾಂಗ್.

ಎಸ್-75 ಎಂದರೆ 1960ರ ಮೇ 1ರಂದು ಗ್ಯಾರಿ ಪವರ್ಸ್ ಹಾರಿಸುತ್ತಿದ್ದ ಯು-2 ಬೇಹುಗಾರಿಕೆ ವಿಮಾನವನ್ನು ಕೆಡವಿದ ಕ್ಷಿಪಣಿ. ಹತ್ತು ಮೀಟರಿಗೂ ಉದ್ದ. ಹಾರಿ ಬರುವಾಗ ಟೆಲಿಫೋನ್ ಕಂಬದಂತೆ ಕಾಣುತ್ತಿತ್ತು ಎಂದು ಅದನ್ನು ಎದುರಿಸಿದ ಪೈಲಟ್‌ಗಳು ಹೇಳುತ್ತಿದ್ದರು. 1965ರ ಜುಲೈ 24ರಂದು ಉತ್ತರ ವಿಯೆಟ್ನಾಮಿನ ಮೇಲೆ ಅಮೆರಿಕದ ಒಂದು ಎಫ್-4ಸಿ ಫ್ಯಾಂಟಮ್ ಇದಕ್ಕೆ ಬಲಿಯಾಯಿತು. ಆ ಯುದ್ಧದಲ್ಲಿ ನೆಲದಿಂದ ಹಾರಿದ ಕ್ಷಿಪಣಿಗೆ ಅಮೆರಿಕ ಕಳೆದುಕೊಂಡ ಮೊದಲ ವಿಮಾನ ಅದು. ಅದರಲ್ಲಿದ್ದ ರಿಚರ್ಡ್ ಕೀರ್ನ್ ಸೆರೆಯಾದರು, ರಾಸ್ಕೋ ಫೋಬೇರ್ ಸತ್ತರು. ಕೀರ್ನ್ ಎರಡನೇ ಮಹಾಯುದ್ಧದಲ್ಲೂ ಜರ್ಮನರ ಸೆರೆಯಲ್ಲಿದ್ದವರು. ಒಂದು ಜನ್ಮದಲ್ಲಿ ಎರಡು ಯುದ್ಧ, ಎರಡು ಸೆರೆವಾಸ.

ಮೂರು ದಿನ ಕಳೆದು, ಜುಲೈ 27ರಂದು, ಆ ಕ್ಷಿಪಣಿ ನೆಲೆಗಳನ್ನು ನಾಶಮಾಡಲು ಎಫ್-105 ವಿಮಾನಗಳ ದೊಡ್ಡ ಗುಂಪೊಂದು ತೀರ ಕೆಳಮಟ್ಟದಲ್ಲಿ ನುಗ್ಗಿತು. ಕೆಳಗೆ ಕಾದಿದ್ದದ್ದು ಹುಸಿ ಕ್ಷಿಪಣಿಗಳು, ಸುತ್ತ ಅಸಲಿ ವಿಮಾನನಿರೋಧಕ ತೋಪುಗಳು. ಅಂದು ಒಂದೇ ದಿನ ಆರು ವಿಮಾನಗಳು ಹೋದವು. ಕಣ್ಣಿನಿಂದ ಹುಡುಕಿದರೆ ಮೋಸಹೋಗುತ್ತೇವೆ ಎಂಬುದು ಅಲ್ಲಿಗೆ ಖಚಿತವಾಯಿತು. ಗೆಡ್ಡೆಯಂತೆ ಮಣ್ಣಿನಲ್ಲಿ, ಮರದಡಿಯಲ್ಲಿ, ಹುಲ್ಲಿನ ಹೊದಿಕೆಯ ಕೆಳಗೆ ಏನನ್ನಾದರೂ ಬಚ್ಚಿಡಬಹುದು. ರೇಡಾರಿನ ದನಿಯನ್ನು ಮಾತ್ರ ಬಚ್ಚಿಡಲಾಗದು. ಅದು ಕೆಲಸ ಮಾಡಬೇಕಾದರೆ ಕೂಗಲೇಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಪಡಬೇಡಿ. ರೇಡಾರ್ ಬಿಟ್ಟ ಅಲೆ ವಿಮಾನವನ್ನು ಮುಟ್ಟುವುದಕ್ಕೆ ಒಂದು ಸಲ ಆ ದೂರವನ್ನು ದಾಟಿದರೆ ಸಾಕು. ರೇಡಾರಿಗೆ ವಿಮಾನ ಕಾಣಬೇಕಾದರೆ ಅದೇ ಅಲೆ ಮೈಗೆ ಬಡಿದು ಚದುರಿ, ಅದರಲ್ಲೊಂದು ಚೂರು ಅಷ್ಟೇ ದೂರ ಹಿಂದಕ್ಕೆ ಬರಬೇಕು. ದೂರ ಇಮ್ಮಡಿಯಾದರೆ ವಿಮಾನಕ್ಕೆ ಕೇಳುವ ದನಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಿಂದಿರುಗುವ ಪ್ರತಿಧ್ವನಿ ಇಳಿಯುವುದು ಹದಿನಾರನೇ ಒಂದು ಭಾಗಕ್ಕೆ. ಆದ್ದರಿಂದ ರೇಡಾರಿಗೆ ನೀವು ಕಾಣುವುದಕ್ಕಿಂತ ಬಹಳ ಮೊದಲೇ ನಿಮಗೆ ಅದು ಕೇಳಿರುತ್ತದೆ. ರೇಡಾರ್ ಬೇಟೆ ಎಂಬ ಇಡೀ ವಿದ್ಯೆ ನಿಂತಿರುವುದು ನಾಲ್ಕಕ್ಕೂ ಹದಿನಾರಕ್ಕೂ ನಡುವಿನ ಈ ಅಂತರದ ಮೇಲೆ.

ಅದೇ 1965ರ ಆಗಸ್ಟಿನಲ್ಲಿ ಅಮೆರಿಕದ ವಾಯುಪಡೆ ಬ್ರಿಗೇಡಿಯರ್ ಜನರಲ್ ಕೆನೆತ್ ಡೆಂಪ್‌ಸ್ಟರ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ಕೂರಿಸಿತು. ನವೆಂಬರ್ ಕೊನೆಗೆ ನಾಲ್ಕು ಎಫ್-100ಎಫ್ ವಿಮಾನಗಳು ಥಾಯ್ಲೆಂಡಿನ ಕೊರಾಟ್ ನೆಲೆಯಲ್ಲಿ ಇಳಿದಿದ್ದವು. ಆಲೋಚನೆಯಿಂದ ಯುದ್ಧಭೂಮಿಗೆ ನಾಲ್ಕು ತಿಂಗಳೂ ಆಗಿರಲಿಲ್ಲ. ಎರಡು ಆಸನದ ತರಬೇತಿ ವಿಮಾನಗಳಿಗೆ ರೇಡಾರ್ ದನಿಯನ್ನು ಹಿಡಿಯುವ ಯಂತ್ರಗಳನ್ನು ಜೋಡಿಸಿ ಕಳುಹಿಸಿದ್ದರು. ಹೆಸರು ‘ವೈಲ್ಡ್ ವೀಸಲ್’. ವೀಸಲ್ ಎಂದರೆ ಬೇಟೆಯ ಬಿಲದೊಳಕ್ಕೇ ನುಗ್ಗಿ ಅದನ್ನು ಹಿಡಿಯುವ ಸಣಕಲು ಮೈಯ ಪ್ರಾಣಿ. ಹೆಸರಿಟ್ಟವರಿಗೆ ಕೆಲಸದ ಸ್ವರೂಪ ಚೆನ್ನಾಗಿ ಗೊತ್ತಿತ್ತು.

ಮುಂದಿನ ಆಸನದಲ್ಲಿ ಫೈಟರ್ ಪೈಲಟ್. ಹಿಂದಿನ ಆಸನದಲ್ಲಿ ಎಲೆಕ್ಟ್ರಾನಿಕ್ ಯುದ್ಧದ ಅಧಿಕಾರಿ, ಅಂದರೆ ಬಿ-52ರಂಥ ದೈತ್ಯ ಬಾಂಬರ್‌ಗಳ ಹೊಟ್ಟೆಯಲ್ಲಿ ಕುಳಿತು ರೇಡಾರ್ ದನಿಗಳನ್ನು ಕೇಳಿ ಪಳಗಿದವನು. ಈ ಹಿಂದಿನವನಿಗೆ ಬಿದ್ದ ಅಡ್ಡಹೆಸರು ‘ಬೇರ್’, ಕರಡಿ. ಜ್ಯಾಕ್ ಡೊನೊವನ್ ಎಂಬ ಅಧಿಕಾರಿಗೆ ಈ ಕೆಲಸವನ್ನು ಮೊದಲ ಸಲ ವಿವರಿಸಿದಾಗ ಅವರ ಬಾಯಿಂದ ಹೊರಟದ್ದು ಒಂದು ಒರಟು ಬೈಗುಳದ ಉದ್ಗಾರ. ಕ್ಷಿಪಣಿ ನಮ್ಮ ಮೇಲೆ ಹಾರುವ ತನಕ ಕಾದು, ಅದು ಬಂದ ಕಡೆಗೇ ಹೋಗುವುದೇ ಎಂಬ ನಂಬಲಾಗದ ಬೆರಗು ಅದರಲ್ಲಿತ್ತು. ಆ ಉದ್ಗಾರದ ಮೊದಲಕ್ಷರಗಳು ಇಂದಿಗೂ ವೀಸಲ್‌ಗಳ ತೋಳಪಟ್ಟಿಯ ಮೇಲಿವೆ.

ಡಿಸೆಂಬರ್ 20ರಂದು ಮೊದಲ ವೀಸಲ್ ಉರುಳಿತು. ಜಾನ್ ಪಿಚ್‌ಫರ್ಡ್ ಸೆರೆಸಿಕ್ಕರು, ಹಿಂದಿನ ಆಸನದ ರಾಬರ್ಟ್ ಟ್ರಯರ್ ಸತ್ತರು. ಎರಡೇ ದಿನಕ್ಕೆ, 22ರಂದು, ಆ್ಯಲನ್ ಲ್ಯಾಂಬ್ ಮತ್ತು ಅದೇ ಡೊನೊವನ್ ಒಂದು ಫ್ಯಾನ್ ಸಾಂಗ್ ದನಿಯ ಜಾಡು ಹಿಡಿದು ಹೋದರು. ಅವರ ಬಳಿ ರೇಡಾರನ್ನು ಹುಡುಕಿಕೊಂಡು ಹೋಗುವ ಕ್ಷಿಪಣಿ ಇರಲಿಲ್ಲ. ಇದ್ದದ್ದು ಸಾಮಾನ್ಯ ರಾಕೆಟ್ ಮತ್ತು ಗನ್. ಅಂದರೆ ದನಿಯನ್ನು ಹಿಡಿದು ಹತ್ತಿರ ಹೋಗಿ, ಕೊನೆಗೆ ಕಣ್ಣಾರೆ ಕಂಡು, ಅದರ ಮೇಲೆ ಎರಗಬೇಕು. ರಾಕೆಟ್ ಬಿದ್ದ ಜಾಗವನ್ನೇ ಗುರುತಾಗಿಟ್ಟುಕೊಂಡು ಹಿಂದಿದ್ದ ಎಫ್-105ಗಳು ಎರಗಿದವು. ವೀಸಲ್‌ಗಳ ಮೊದಲ ಬೇಟೆ ಅದು.

ಇಷ್ಟು ಹೊತ್ತು ಆಕಾಶದ ಕಡೆಯಿಂದ ಹೇಳಿದೆ. ಈಗ ನನ್ನ ಜೊತೆ ನೆಲಕ್ಕೆ ಬನ್ನಿ. ನಮ್ಮ ಹವ್ಯಾಸಿಗಳ ಬಳಗದಲ್ಲಿ ಇತ್ತ ಗಮನ ಕೊಡುವವರು ಕಡಿಮೆ, ಅದು ಸರಿಯಲ್ಲ ಎಂದು ನನ್ನ ಅನಿಸಿಕೆ.

ಎಸ್-75 ದಳದ ರೇಡಾರ್ ವಾಹನ ಕಿಟಕಿಯಿಲ್ಲದ ಒಂದು ಡಬ್ಬಿ. ಒಳಗೆ ಪರದೆಗಳ ಎದುರು ಮೂವರು ಕುಳಿತಿರುತ್ತಾರೆ. ಒಬ್ಬ ದಿಕ್ಕನ್ನು, ಒಬ್ಬ ಎತ್ತರವನ್ನು, ಇನ್ನೊಬ್ಬ ದೂರವನ್ನು ಕೈಚಕ್ರ ತಿರುಗಿಸುತ್ತ ಹಿಡಿದಿಡುತ್ತಾನೆ. ಅವರ ಜೊತೆ ಕ್ಷಿಪಣಿಯನ್ನು ಹಾರಿಸಲು ಅಪ್ಪಣೆ ಕೊಡುವ ಅಧಿಕಾರಿ. ಆ ಕ್ಷಿಪಣಿಗೆ ಸ್ವಂತ ಕಣ್ಣಿಲ್ಲ. ನೆಲದ ರೇಡಾರ್ ವಿಮಾನವನ್ನೂ ಕ್ಷಿಪಣಿಯನ್ನೂ ಒಟ್ಟಿಗೆ ನೋಡುತ್ತ, ರೇಡಿಯೋ ಆಜ್ಞೆಯ ಮೂಲಕ ಎಡಕ್ಕೆ, ಬಲಕ್ಕೆ ಎಂದು ತಿದ್ದುತ್ತಲೇ ಇರಬೇಕು. ದೂರದ ಗುರಿಯಾದರೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಈ ಕೆಲಸ ನಡೆಯಬೇಕು. ನಡುವೆ ರೇಡಾರ್ ಆರಿಸಿದರೆ ಹಾರಿದ ಕ್ಷಿಪಣಿ ಕುರುಡಾಗಿ ಎಲ್ಲೋ ಹೋಗಿ ಬೀಳುತ್ತದೆ.

1966ರಲ್ಲಿ ವೀಸಲ್‌ಗಳ ಕೈಗೆ ‘ಶ್ರೈಕ್’ ಬಂತು. ರೇಡಾರಿನ ಅಲೆಯನ್ನೇ ಹಿಡಿದುಕೊಂಡು ಅದರ ಮೂಲಕ್ಕೆ ಬಡಿಯುವ ಕ್ಷಿಪಣಿ. ಈಗ ಆ ಡಬ್ಬಿಯೊಳಗಿನವರ ಸ್ಥಿತಿಯನ್ನು ನೆನೆಯಿರಿ. ತಮ್ಮ ಕ್ಷಿಪಣಿ ಮೇಲಕ್ಕೇರಿ ಹೋಗಿದೆ. ಪರದೆಯ ಮೇಲೆ ವಿಮಾನದ ಚುಕ್ಕೆಯಿಂದ ಒಂದು ಸಣ್ಣ ಚುಕ್ಕೆ ಬೇರ್ಪಟ್ಟು ತಮ್ಮ ಕಡೆಗೆ ಬರುತ್ತಿದೆ. ಅಲೆ ಬಿಡುತ್ತಲೇ ಇದ್ದರೆ ವಿಮಾನ ಬೀಳಬಹುದು, ಆದರೆ ಆ ಚುಕ್ಕೆ ತಮ್ಮ ಆಂಟೆನಾಕ್ಕೆ ಬಂದು ಬಡಿಯುವುದು ಖಂಡಿತ. ಆರಿಸಿದರೆ ತಾವು ಉಳಿಯುತ್ತೇವೆ, ವಿಮಾನವೂ ಉಳಿಯುತ್ತದೆ. ನಿರ್ಧಾರಕ್ಕೆ ಇರುವುದು ಕೆಲವೇ ಸೆಕೆಂಡು. ಶ್ರೈಕ್‌ಗೆ ನೆನಪಿನ ಶಕ್ತಿ ಇರಲಿಲ್ಲ. ದನಿ ನಿಂತರೆ ಅದಕ್ಕೆ ದಾರಿಯೂ ತಪ್ಪಿತು. ಉತ್ತರ ವಿಯೆಟ್ನಾಮಿನ ಸಿಬ್ಬಂದಿ ಇದನ್ನು ಬೇಗ ಕಲಿತರು. ಆಂಟೆನಾವನ್ನು ಪಕ್ಕಕ್ಕೆ ಹೊರಳಿಸಿ ಆಮೇಲೆ ಆರಿಸುವ ಉಪಾಯವನ್ನೂ ಕಂಡುಕೊಂಡರು. ಒಂದು ಶ್ರೈಕ್ ವ್ಯರ್ಥವಾಗಿ ಬಯಲಿಗೆ ಬಿತ್ತು ಎಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಆದರೆ ಆ ಹೊತ್ತಿನಲ್ಲಿ ಅದೇ ಆಕಾಶದಲ್ಲಿ ಬಾಂಬ್ ಹೊತ್ತು ಹೋಗುತ್ತಿದ್ದ ಹದಿನಾರೋ ಇಪ್ಪತ್ತೋ ವಿಮಾನಗಳನ್ನು ನೋಡುವ ಕಣ್ಣು ಮುಚ್ಚಿತ್ತಲ್ಲ, ಅದನ್ನು ಯಾವ ಕಾಲಂನಲ್ಲಿ ಬರೆಯುವುದು?

ಇದು ನನ್ನ ತಲೆಗೆ ಹೋದದ್ದು ಓದಿನಿಂದಲ್ಲ, ಸಿಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದಲ್ಲಿ, ಮಾಡಿದ ತಪ್ಪಿನಿಂದ.

ನಿಮ್ಮಲ್ಲಿ ಹಲವರು ಡಿಸಿಎಸ್ ವರ್ಲ್ಡ್ ಹಾರಿಸುತ್ತೀರಿ, ಕೆಲವರು 1998ರ ಫಾಲ್ಕನ್ 4.0ರ ವಂಶದಲ್ಲಿ ಬಂದ, ಹವ್ಯಾಸಿಗಳೇ ಬೆಳೆಸುತ್ತಿರುವ ಫಾಲ್ಕನ್ ಬಿಎಂಎಸ್‌ಗೆ ನಿಷ್ಠರು. ಅಂದು ನಾವು ಹಾರಿಸುತ್ತಿದ್ದದ್ದು ಎಫ್-16. ನನ್ನ ರೆಕ್ಕೆಯಡಿ ಎರಡು ಹಾರ್ಮ್ ಕ್ಷಿಪಣಿ, ಶ್ರೈಕ್‌ನ ಮೊಮ್ಮಗ ಎನ್ನಿ. ಹಿಂದೆ ನಾಲ್ವರು ಗೆಳೆಯರು ಬಾಂಬ್ ಹೊತ್ತು ಬರುತ್ತಿದ್ದಾರೆ. ನನ್ನ ಕೆಲಸ ಅವರಿಗೆ ದಾರಿ ಮಾಡಿಕೊಡುವುದು. ಎಡಗಡೆಯಲ್ಲಿ ರೇಡಾರ್ ಎಚ್ಚರಿಕೆ ಯಂತ್ರದ ಪುಟ್ಟ ದುಂಡು ಪರದೆಯ ಮೇಲೆ ‘6’ ಎಂಬ ಅಂಕಿ ಮೂಡಿತು. ಕೂಬ್ ಕ್ಷಿಪಣಿ ದಳ, ನ್ಯಾಟೋ ಭಾಷೆಯಲ್ಲಿ ಎಸ್ಎ-6. ಹೊಸಬರಿಗಾಗಿ ಒಂದು ಮಾತು: ಆ ಪರದೆಯಲ್ಲಿ ಅಂಕಿ ನಡುವಿಗೆ ಸರಿದಷ್ಟೂ ಅಪಾಯ ಹೆಚ್ಚು ಎಂದರ್ಥ. ಅದು ಕಿಲೋಮೀಟರಿನ ಅಳತೆಯಲ್ಲ, ನಕ್ಷೆಯಂತೆ ಓದಬೇಡಿ. ನಾನು ಹಾಗೆಯೇ ಓದಿದೆ. ತೀರ ಹತ್ತಿರವಿದೆ ಎಂದುಕೊಂಡು ಒಂದರ ಹಿಂದೊಂದು ಎರಡನ್ನೂ ಹಾರಿಸಿಬಿಟ್ಟೆ. ರೇಡಿಯೋದಲ್ಲಿ ‘ಮ್ಯಾಗ್ನಮ್’ ಎಂದು ಎರಡು ಸಲ ಕೂಗಿದೆ. ಹಾರ್ಮ್ ಹಾರಿಸಿದಾಗ ಪೈಲಟ್‌ಗಳು ಹೇಳುವ ಪದ ಅದು.

‘6’ ಮಾಯವಾಯಿತು. ನನಗೋ ಸಂಭ್ರಮ.

ಬೆದರಿದರೆ ರೇಡಾರನ್ನು ಆರಿಸುವ ಬುದ್ಧಿಯನ್ನು ಆ ಕಾರ್ಯಾಚರಣೆಯನ್ನು ರೂಪಿಸಿದ್ದ ಗೆಳೆಯ ನೆಲದ ದಳಕ್ಕೆ ಬರೆದಿಟ್ಟಿದ್ದ. ನಾನು ಅಲ್ಲಿಯವರೆಗೆ ಹಾರಿದ್ದ ಆಟಗಳ ರೇಡಾರ್‌ಗಳು ಸಾಯುವ ತನಕ ಕೂಗುತ್ತಲೇ ಇರುತ್ತಿದ್ದವು. ಮೂರು ನಿಮಿಷದ ನಂತರ ಗೆಳೆಯರು ಗುರಿಯ ಹತ್ತಿರ ಬಂದರು. ‘6’ ಮತ್ತೆ ಮೂಡಿತು, ಅದೇ ಜಾಗದಲ್ಲಿ, ಅದೇ ದನಿಯಲ್ಲಿ. ನನ್ನ ರೆಕ್ಕೆಯಡಿ ಏನೂ ಉಳಿದಿರಲಿಲ್ಲ. ನಾಲ್ವರಲ್ಲಿ ಇಬ್ಬರು ಬಿದ್ದರು. ಅವರು ಬೀಳುವ ಮುನ್ನ ರೇಡಿಯೋದಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ದಾರಿ ತೆರವಾಗಿದೆ ಎಂದಿರಲ್ಲ?’

ಅದು ಆಟವೇ, ಒಪ್ಪುತ್ತೇನೆ. ಯಾರೂ ಸಾಯಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲಿ ತಪ್ಪಿದೆ ಎಂದು ಕೂತು ಲೆಕ್ಕ ಹಾಕಿದೆ. ಕ್ಷಿಪಣಿ ರೆಕ್ಕೆಯಡಿ ಇರುವವರೆಗೆ ಅದು ನೆಲದಲ್ಲಿರುವವನನ್ನು ಹೆದರಿಸುತ್ತಿರುತ್ತದೆ. ಹಾರಿಸಿದ ಮೇಲೆ ಅದರ ಆಯುಸ್ಸು ಒಂದೆರಡು ನಿಮಿಷ. ಹಾರಿಸಬೇಕಾದದ್ದು ಶತ್ರು ಕಂಡಾಗ ಅಲ್ಲ, ನಮ್ಮವರು ಆ ರೇಡಾರಿನ ಎಟುಕಿಗೆ ಕಾಲಿಡುವ ಹೊತ್ತಿಗೆ ಅದು ಆಕಾಶದಲ್ಲಿರುವಂತೆ. ಕೈಗಡಿಯಾರ ನೋಡಿಕೊಂಡು ಹಾರಿಸುವ ಆಯುಧ ಅದು. ನಿಜವಾದ ವೀಸಲ್‌ಗಳು ಇದನ್ನು ಹೀಗೆಯೇ ಲೆಕ್ಕ ಹಾಕಿ ಮಾಡುತ್ತಾರೆ ಎಂದು ಆಮೇಲೆ ಓದಿ ತಿಳಿದೆ. ಎಲ್ಲರಿಗಿಂತ ಮೊದಲು ಒಳಗೆ, ಎಲ್ಲರಿಗಿಂತ ಕೊನೆಗೆ ಹೊರಗೆ ಎಂಬ ಅವರ ಮಾತು ನನಗೆ ಶೌರ್ಯದ ಘೋಷಣೆಯಂತೆ ಕೇಳುತ್ತಿತ್ತು. ಈಗ ಅದು ವೇಳಾಪಟ್ಟಿಯಂತೆ ಕೇಳುತ್ತದೆ. ಬಾಂಬರ್‌ಗಳು ಅಲ್ಲಿರುವಷ್ಟು ಹೊತ್ತೂ ಬೆದರಿಕೆ ಅಲ್ಲೇ ಸುತ್ತುತ್ತಿರಬೇಕು, ಅಷ್ಟೆ.

ಸ್ವಲ್ಪ ದಾರಿ ಬಿಟ್ಟು ಹಿಂದಿನ ಆಸನದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1967ರ ಏಪ್ರಿಲ್ 19ರಂದು ಎರಡು ಆಸನದ ವೀಸಲ್ ಎಫ್-105ರಲ್ಲಿದ್ದ ಲಿಯೋ ಥಾರ್ಸ್‌ನೆಸ್ ಮತ್ತು ಹೆರಾಲ್ಡ್ ಜಾನ್ಸನ್ ಕ್ಷಿಪಣಿ ನೆಲೆಗಳ ಮೇಲೆ ಎರಗಿದರು. ಜೊತೆಯ ವಿಮಾನ ಬಿದ್ದು ಅದರ ಇಬ್ಬರೂ ಪ್ಯಾರಾಚೂಟಿನಲ್ಲಿ ಇಳಿದಾಗ, ಮಿಗ್‌ಗಳ ನಡುವೆ ಸುತ್ತುತ್ತ ಅವರನ್ನು ಕಾಯಲು ನಿಂತರು, ಒಂದು ಮಿಗ್-17ನ್ನು ಕೆಡವಿದರು. ಇಂಧನ ತೀರುತ್ತ ಬಂದಿದ್ದರೂ ಆಕಾಶದಲ್ಲಿದ್ದ ಟ್ಯಾಂಕರನ್ನು ಇನ್ನೊಬ್ಬ ಪೈಲಟ್‌ಗೆ ಬಿಟ್ಟುಕೊಟ್ಟರು. ಹನ್ನೊಂದು ದಿನಕ್ಕೆ ಇಬ್ಬರೂ ಬಿದ್ದು ಸೆರೆಯಾದರು, 1973ರವರೆಗೆ. ಥಾರ್ಸ್‌ನೆಸ್ ಅವರಿಗೆ ಅಮೆರಿಕದ ಅತ್ಯುನ್ನತ ಪದಕ ‘ಮೆಡಲ್ ಆಫ್ ಆನರ್’ ಬಂತು. ಅದೇ ವಿಮಾನದಲ್ಲಿ, ಅದೇ ನಿಮಿಷಗಳಲ್ಲಿ, ದನಿಗಳನ್ನು ಬೇರ್ಪಡಿಸಿ ಯಾವುದು ಕೊಲ್ಲುವ ದನಿ ಎಂದು ಹೇಳುತ್ತ ಕುಳಿತಿದ್ದ ಜಾನ್ಸನ್ ಅವರಿಗೆ ಬಂದದ್ದು ಒಂದು ಮೆಟ್ಟಿಲು ಕೆಳಗಿನ ‘ಏರ್ ಫೋರ್ಸ್ ಕ್ರಾಸ್’. ಅದೂ ದೊಡ್ಡ ಗೌರವವೇ. ಆದರೂ ಆ ಒಂದು ಮೆಟ್ಟಿಲು ನನ್ನನ್ನು ಚುಚ್ಚುತ್ತದೆ. ವೀಸಲ್ ವಿಮಾನದಲ್ಲಿ ಬೇಟೆಯನ್ನು ಮೊದಲು ಹಿಡಿಯುತ್ತಿದ್ದದ್ದು ಹಿಂದಿನ ಕಿವಿ.

ಎಫ್-4ಜಿ ಫ್ಯಾಂಟಮ್ ಈ ಜೋಡಿಗೇ ಹೇಳಿಮಾಡಿಸಿದಂಥ ವಿಮಾನ. ಮೂಗಿನಡಿಯ ಗನ್ನನ್ನೇ ಕಿತ್ತು ಆ ಜಾಗಕ್ಕೆ ಆಂಟೆನಾಗಳನ್ನು ಕೂರಿಸಿದರು. ಹಲ್ಲು ಕೊಟ್ಟು ಕಿವಿ ಕೊಂಡಂತೆ. 1991ರ ಕೊಲ್ಲಿ ಯುದ್ಧದಲ್ಲಿ ಅದರ ದಳಗಳು ಬಿಯರ್ ಹೆಸರುಗಳನ್ನು ರೇಡಿಯೋ ಸಂಕೇತವಾಗಿ ಇಟ್ಟುಕೊಂಡಿದ್ದವು. ಕೆಲ ದಿನಗಳಲ್ಲೇ ಆ ಹೆಸರುಗಳು ಕೇಳಿದ ಕೂಡಲೇ ಇರಾಕಿನ ರೇಡಾರ್‌ಗಳು ಆರತೊಡಗಿದವು ಎಂದು ಆ ಪೈಲಟ್‌ಗಳು ಹೇಳಿಕೊಂಡಿದ್ದಾರೆ. ಕ್ಷಿಪಣಿ ಬೇಡ, ಹೆಸರೇ ಸಾಕಾಯಿತು. 1996ರಲ್ಲಿ ಕೊನೆಯ ಎಫ್-4ಜಿ ಸೇವೆಯಿಂದ ಇಳಿಯಿತು. ಅದರ ಕೆಲಸ ಒಬ್ಬನೇ ಕೂರುವ ಎಫ್-16ಕ್ಕೆ ಹೋಯಿತು, ಕರಡಿಯ ಜಾಗಕ್ಕೆ ಒಂದು ಯಂತ್ರ ಬಂತು.

ಇನ್ನು ಸರ್ಬಿಯಾ. 1999ರಲ್ಲಿ ನ್ಯಾಟೋ 78 ದಿನ ದಾಳಿ ನಡೆಸಿತು. 743 ಹಾರ್ಮ್‌ಗಳನ್ನು ಹಾರಿಸಿತು. ಅಷ್ಟಾದರೂ ಯುದ್ಧ ಮುಗಿದಾಗ ಸರ್ಬಿಯಾದ ಓಡಾಡುವ ಕ್ಷಿಪಣಿ ದಳಗಳಲ್ಲಿ ಹೆಚ್ಚಿನವು ಉಳಿದಿದ್ದವು. ಯಾಕೆಂದರೆ ಅವು ಬಾಯಿ ಮುಚ್ಚಿಕೊಂಡಿದ್ದವು. ಝೋಲ್ತಾನ್ ದಾನಿ ಎಂಬ ಅಧಿಕಾರಿ ತನ್ನ ಸಿಬ್ಬಂದಿಗೆ ಕಟ್ಟಪ್ಪಣೆ ಮಾಡಿದ್ದರು: ಸುಮಾರು 20 ಸೆಕೆಂಡಿಗಿಂತ ಹೆಚ್ಚು ಅಲೆ ಬಿಡಬಾರದು, ಬಿಟ್ಟ ಮೇಲೆ ಜಾಗ ಖಾಲಿ ಮಾಡಬೇಕು. ಮಾರ್ಚ್ 27ರ ರಾತ್ರಿ ಅವರ ದಳದ ಹಳೆಯ ಎಸ್-125 ಕ್ಷಿಪಣಿಗೆ, ರೇಡಾರಿಗೆ ಕಾಣದು ಎಂದು ಹೆಸರಾಗಿದ್ದ ಎಫ್-117 ಬಿತ್ತು. ಪೈಲಟ್ ಡೇಲ್ ಝೆಲ್ಕೊ ಬದುಕಿಕೊಂಡರು. ವರ್ಷಗಳು ಕಳೆದ ಮೇಲೆ ಇಬ್ಬರೂ ಭೇಟಿಯಾದರು, ಗೆಳೆಯರಾದರು. ಮೇ 2ರಂದು ಅದೇ ಬ್ರಿಗೇಡ್ ಒಂದು ಎಫ್-16ನ್ನು ಕೆಡವಿತು. ಅದರ ಪೈಲಟ್ ಡೇವಿಡ್ ಗೋಲ್ಡ್‌ಫೀನ್ ಮುಂದೆ ಅಮೆರಿಕದ ವಾಯುಪಡೆಯ ಮುಖ್ಯಸ್ಥರಾದರು.

ಇದನ್ನು ಹೇಳಿ ‘ಹಾರ್ಮ್ ಸೋತಿತು’ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ನಾನು ಒಪ್ಪುವುದಿಲ್ಲ. ಸುಮಾರು 38,000 ಹಾರಾಟಗಳಲ್ಲಿ ನೆಲದ ಕ್ಷಿಪಣಿಗೆ ಬಿದ್ದ ಪೈಲಟ್ ಸಹಿತ ವಿಮಾನಗಳು ಆ ಎರಡೇ. ದಾನಿಯವರ ಜಾಣತನಕ್ಕೆ ನನ್ನ ಗೌರವ ಪೂರ್ತಿ ಇದೆ. ಆದರೆ 20 ಸೆಕೆಂಡು ಮಾತ್ರ ಕಣ್ಣು ಬಿಡುವ ಕಾವಲುಗಾರ ಉಳಿದ ಹೊತ್ತೆಲ್ಲ ಏನು ನೋಡಿಯಾನು? ಇನ್ನೊಂದು ಕಡೆಯಿಂದಲೂ ನೋಡಬೇಕು. ಆ ದಳಗಳು ಉಳಿದಿದ್ದರಿಂದಲೇ ನ್ಯಾಟೋ ವಿಮಾನಗಳು ಕೊನೆಯವರೆಗೂ ಎತ್ತರದಲ್ಲೇ ಹಾರಬೇಕಾಯಿತು, ಎತ್ತರದಿಂದ ನೆಲದ ಮೇಲಿನ ಟ್ಯಾಂಕ್ ಯಾವುದು, ಟ್ರ್ಯಾಕ್ಟರ್ ಯಾವುದು ಎಂದು ಗುರುತಿಸುವುದು ಕಷ್ಟವಾಯಿತು. ಒಂದೂ ಗುಂಡು ಹಾರಿಸದ ರೇಡಾರ್ ಕೂಡ ಆಕಾಶವನ್ನು ಆಳುತ್ತದೆ. ಇಬ್ಬರೂ ಪರಸ್ಪರರನ್ನು ಬರಿಯ ಬೆದರಿಕೆಯಿಂದ ಕಟ್ಟಿಹಾಕಿದ್ದರು.

ವಿದ್ಯೆ ಅಲ್ಲಿಗೆ ನಿಂತಿಲ್ಲ. ಹೊಸ ಪೀಳಿಗೆಯ ಕ್ಷಿಪಣಿಗಳಿಗೆ ನೆನಪಿದೆ. ದನಿ ನಿಂತರೂ ಜಾಗವನ್ನು ಜಿಪಿಎಸ್ ಸಹಾಯದಿಂದ ಹಿಡಿದಿಡುತ್ತವೆ, ಕೊನೆಯ ಗಳಿಗೆಯಲ್ಲಿ ತಮ್ಮದೇ ಪುಟ್ಟ ರೇಡಾರಿನಿಂದ ಹುಡುಕುತ್ತವೆ. ಭಾರತವೂ 2020ರ ಅಕ್ಟೋಬರ್ 9ರಂದು ಸುಖೋಯ್-30ರಿಂದ ‘ರುದ್ರಂ’ ಹಾರಿಸಿ ಪರೀಕ್ಷಿಸಿತು. ಅದಕ್ಕೆ ಪ್ರತಿಯಾಗಿ ರೇಡಾರ್ ದಳಗಳು ಇನ್ನಷ್ಟು ಬೇಗ ಗಂಟುಮೂಟೆ ಕಟ್ಟುವುದನ್ನು ಕಲಿಯುತ್ತಿವೆ.

ಸಿಮ್ಯುಲೇಟರಿನಲ್ಲಿ ಇಲ್ಲದ್ದು ಭಯ. 1965ರ ಡಿಸೆಂಬರಿನಲ್ಲಿ ಟ್ರಯರ್ ಏನು ಕೇಳಿದರು, ಕಿಟಕಿಯಿಲ್ಲದ ಆ ಡಬ್ಬಿಯಲ್ಲಿ ಕೈಚಕ್ರ ಹಿಡಿದವನ ಅಂಗೈ ಎಷ್ಟು ಬೆವರಿತ್ತು ಎಂಬುದು ಮೇಜಿನ ಮುಂದೆ ಕುಳಿತ ನನಗೆ ಎಂದೂ ಸಿಗುವುದಿಲ್ಲ. ಸಿಗುವುದು ಸಮಯ. ಪುಸ್ತಕದಲ್ಲಿ ‘ರೇಡಾರ್ ಮೂರು ನಿಮಿಷ ಮೌನವಾಗಿತ್ತು’ ಎಂಬುದು ಒಂದು ಸಾಲು. ಕಾಕ್‌ಪಿಟ್ಟಿನಲ್ಲಿ ಆ ಮೂರು ನಿಮಿಷವನ್ನು ಒಂದೊಂದೇ ಸೆಕೆಂಡಾಗಿ ದಾಟಬೇಕು.

ಈಗ ಒಂದು ಧ್ವನಿಮುದ್ರಣ ಕೇಳಿಸುತ್ತೇನೆ. ನನ್ನ ಸಿಮ್ಯುಲೇಟರಿನಲ್ಲಿ ಮುದ್ರಿಸಿಕೊಂಡದ್ದು, ಆ ಸೋಲಿನ ನಂತರ ಅದೇ ಗೆಳೆಯರ ಜೊತೆ ಹಾರಿದ ಇನ್ನೊಂದು ರಾತ್ರಿಯದು. ಮೊದಲು ಬಿಟ್ಟು ಬಿಟ್ಟು ಬರುವ ಸದ್ದು ಕೇಳುತ್ತದೆ, ಹುಡುಕುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಸ್ವರ ಏರುತ್ತದೆ, ಹಿಡಿದ. ಆಗ ನನ್ನ ದನಿಯಲ್ಲಿ ಒಂದೇ ಒಂದು ‘ಮ್ಯಾಗ್ನಮ್’. ಆಮೇಲೆ ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ. ಧ್ವನಿಮುದ್ರಣ ಮುಗಿಯಿತೆಂದು ಎದ್ದುಬಿಡಬೇಡಿ. ಅಲ್ಲಿಂದ ನಾಲ್ಕು ನಿಮಿಷ ಏನೂ ಕೇಳುವುದಿಲ್ಲ. ಆ ನಾಲ್ಕು ನಿಮಿಷದಲ್ಲಿ ನಾಲ್ವರೂ ಗುರಿ ಮುಟ್ಟಿ ಹಿಂದಿರುಗುತ್ತಿದ್ದಾರೆ, ಇನ್ನೊಂದು ಕ್ಷಿಪಣಿ ನನ್ನ ಬಲರೆಕ್ಕೆಯಡಿಯಲ್ಲೇ ಇದೆ.